ದಾವಣಗೆರೆಯಿಂದ ಇಪ್ಪತ್ತು ಮಂದಿ ಅಂಡಮಾನ್‌ಗೆ: ಜಗಳವಾಗದೆ ಹೋಗಿಬರಬಹುದೇ?

ಎರಡು ಮನೆಯವರು, ಮೂರು ಸ್ನೇಹಿತರ ಕುಟುಂಬ ಸೇರಿ ಬೇಸಿಗೆ ರಜೆಯಲ್ಲಿ ಅಂಡಮಾನ್‌ಗೆ ಹೋಗಬೇಕೆಂದಿದ್ದೇವೆ, ವಯಸ್ಸಾದವರೂ ಇದ್ದಾರೆ, ಜಗಳವಾಗದ ಹಾಗೆ ಹೇಗೆ ನಿಭಾಯಿಸುವುದು ಎಂದು ಕೇಳಿದ್ದೀರಿ. ಜಗಳ ಆಗೇ ಆಗುತ್ತದೆ, ಆ ಆಸೆ ಬಿಟ್ಟುಬಿಡಿ. ಎಷ್ಟನೇ ದಿನ ಆಗುತ್ತದೆ ಅನ್ನುವುದಷ್ಟೇ ಪ್ರಶ್ನೆ. ನಮಗೆ ಮೂರನೇ ದಿನ ಆಯಿತು.

ನಾವು ಹೋಗಿದ್ದು 22 ಮಂದಿ. ದಾವಣಗೆರೆಯ ನಮ್ಮ ಮನೆಯವರು 9, ಚಿತ್ರದುರ್ಗದ ನನ್ನ ತವರಿನವರು 6, ನಮ್ಮವರ ಬಿಡಿಟಿ ಎಂಜಿನಿಯರಿಂಗ್ ಕಾಲೇಜಿನ ಕಾಲದ ಇಬ್ಬರು ಸ್ನೇಹಿತರ ಸಂಸಾರ 7. ಎಲ್ಲರಿಗಿಂತ ಹಿರಿಯಳು ನನ್ನ ಅಜ್ಜಿ, 78 ವರ್ಷ. ಎಲ್ಲರಿಗಿಂತ ಚಿಕ್ಕದು ಮೂರು ವರ್ಷದ ಕೂಸು. ಮಕ್ಕಳು ಮೊದಲು ಮಾಲ್ಡೀವ್ಸ್ ಎಂದು ಕುಣಿದರು. ಪಾಸ್‌ಪೋರ್ಟ್ ಯಾರ‍್ಯಾರದಿದೆ ಎಂದು ಲೆಕ್ಕ ಹಾಕಿದರೆ ಐದು ಜನರದ್ದು. ಲಕ್ಷದ್ವೀಪಕ್ಕೆ ಪ್ರವೇಶ ಪರ್ಮಿಟ್ ಬೇಕು. ಅಂಡಮಾನಿನಲ್ಲಿ ಪ್ರವಾಸಿಗರು ಹೋಗುವ ದ್ವೀಪಗಳಿಗೆ ನಮ್ಮವರಿಗೆ ಅದೂ ಬೇಡ, ಆಧಾರ್ ಕಾರ್ಡ್ ಸಾಕು. ಹಾಗಾಗಿ ಅಂಡಮಾನ್.

ಮೊದಲು ದುಡ್ಡಿನ ಮಾತು ಹೇಳುತ್ತೇನೆ, ಯಾಕೆಂದರೆ ಅದೊಂದು ವಿಷಯದಲ್ಲಿ ನಾವು ಜಾಣರಾಗಿದ್ದೆವು. ಹದಿನೆಂಟು ತಿಂಗಳು ಮೊದಲೇ ಒಂದು ಚೀಟಿ ಶುರುಮಾಡಿದೆವು. ದೊಡ್ಡವರಿಗೆ ತಿಂಗಳಿಗೆ 2,000, ಮಕ್ಕಳಿಗೆ ಅದರರ್ಧ. ನಮ್ಮ ಬೀದಿಯ ಹೆಂಗಸರ ಚೀಟಿಯಂತೆಯೇ, ಆದರೆ ಇದನ್ನು ಯಾರೂ ಮಧ್ಯದಲ್ಲಿ ಎತ್ತುವ ಹಾಗಿಲ್ಲ. ಲೆಕ್ಕ ಇಟ್ಟಿದ್ದು ಸ್ನೇಹಿತರೊಬ್ಬರ ಹೆಂಡತಿ, ಬ್ಯಾಂಕಿನಲ್ಲಿ ಕೆಲಸ. ಬೇಕಂತಲೇ ಎರಡೂ ಮನೆಗೆ ಸೇರದವರ ಕೈಗೆ ಕೊಟ್ಟಿದ್ದು. ಅಲ್ಲಿಗೆ ಹೋದ ಮೇಲೆ ಟ್ಯಾಕ್ಸಿ, ಎಳನೀರು, ದೋಣಿ, ಎಲ್ಲವೂ ಆ ಒಂದು ಪರ್ಸಿನಿಂದಲೇ. ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಮೂವರು ಗಂಡಸರು "ನಾ ಕೊಡ್ತೀನಿ ಬಿಡ್ರಿ, ಏ ನೀವ್ ಬಿಡ್ರಿ" ಎಂದು ಕೈ ಜಗ್ಗಾಡುವುದು, ಆಮೇಲೆ ರೂಮಿಗೆ ಹೋಗಿ ಹೆಂಡತಿಯ ಹತ್ತಿರ "ಎಲ್ಲಾ ನನ್ ಕೈಲೇ ಕೊಡಿಸ್ತಾರೆ" ಎಂದು ಗೊಣಗುವುದು, ಎರಡೂ ತಪ್ಪಿತು. ಅಲ್ಲಿ ಯುಪಿಐ ನಡೆಯುತ್ತದೆ, ಸಿಗ್ನಲ್ ಇದ್ದಾಗ. ನಗದು ಜೊತೆಗಿರಲಿ.

ವಿಮಾನದ ಟಿಕೆಟ್. ಆನ್‌ಲೈನಿನಲ್ಲಿ ಒಂದು ಸಲಕ್ಕೆ 9 ಸೀಟಿಗಿಂತ ಹೆಚ್ಚು ಸಿಗುವುದಿಲ್ಲ. 10 ದಾಟಿದರೆ ಗುಂಪು ಬುಕಿಂಗ್ ಎಂದು ಕೇಳಬೇಕು. ಗುಂಪು ದರ ಅಂದರೆ ಅಗ್ಗದ ದರ ಎಂದುಕೊಳ್ಳಬೇಡಿ. ಅದರ ಲಾಭ ಬೇರೆ: ಮುಂಗಡ ಕಟ್ಟಿ ಸೀಟು ಹಿಡಿದು ಹೆಸರುಗಳನ್ನು ಆಮೇಲೆ ಕೊಡಬಹುದು. ನಮ್ಮಲ್ಲಿ ಕೊನೆಗೆ ಒಬ್ಬರಿಗೆ ಬರಲಾಗದೆ ಅವರ ಜಾಗಕ್ಕೆ ಅತ್ತಿಗೆಯ ತಂಗಿ ಬಂದಳು, ಏನೂ ನಷ್ಟವಾಗಲಿಲ್ಲ. ಬಿಡಿಬಿಡಿಯಾಗಿ ಮಾಡುವುದಾದರೆ ಮೂರು ಮೂರು ಸೀಟಿನಂತೆ ಹುಡುಕಿ. ಅಗ್ಗದ ಸೀಟು ನಾಲ್ಕೇ ಉಳಿದಿರುವಾಗ ಒಂಬತ್ತು ಕೇಳಿದರೆ ಒಂಬತ್ತಕ್ಕೂ ಮೇಲಿನ ದರವೇ ಬೀಳುತ್ತದೆ. ವಿಮಾನ ಇಳಿಯುವ ಊರಿನ ಹೆಸರು ಎರಡು ರೀತಿ ಕಂಡರೆ ಗಾಬರಿಯಾಗಬೇಡಿ, ಪೋರ್ಟ್ ಬ್ಲೇರ್ 2024ರ ಸೆಪ್ಟೆಂಬರಿನಿಂದ ಶ್ರೀ ವಿಜಯಪುರಂ ಆಗಿದೆ. ಹ್ಯಾವ್‌ಲಾಕ್ 2018ರಲ್ಲೇ ಸ್ವರಾಜ್ ದ್ವೀಪ್, ನೀಲ್ ಶಹೀದ್ ದ್ವೀಪ್ ಆದವು. ಟ್ಯಾಕ್ಸಿಯವರ ಬಾಯಲ್ಲಿ ಮಾತ್ರ ಹಳೇ ಹೆಸರುಗಳೇ. ನಾನೂ ಹಾಗೇ ಬರೆಯುತ್ತೇನೆ.

ಊರಿಂದ ವಿಮಾನ ನಿಲ್ದಾಣಕ್ಕೆ ಒಂದು ಮಿನಿ ಬಸ್ ಮಾಡಿಕೊಂಡೆವು. ರಾತ್ರಿ ಊಟ ಮುಗಿಸಿ ಹೊರಟು, ಚಿತ್ರದುರ್ಗದ ಬೈಪಾಸಿನಲ್ಲಿ ತವರಿನವರನ್ನು ಹತ್ತಿಸಿಕೊಂಡು, ಹಿರಿಯೂರು, ಶಿರಾ, ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ. ಬೆಂಗಳೂರಿನ ಒಳಗೆ ಕಾಲಿಡಬೇಡಿ.

ಸೆಕ್ಯೂರಿಟಿಯಲ್ಲಿ ಎರಡು ಪ್ರಸಂಗ. ಒಂದು, ಅಜ್ಜಿಯ ಕೊರಳಿನ ಬೆಳ್ಳಿ ಕರಡಿಗೆ. ಯಂತ್ರ ಕೀಂ ಎಂದಿತು. ಲಿಂಗ ತೆಗೆದು ಟ್ರೇಗೆ ಹಾಕುವುದೆಂದರೆ ಅಜ್ಜಿಗೆ ಪ್ರಾಣ ತೆಗೆದಿಟ್ಟ ಹಾಗೆ. ನಾನು ಹೆದರಿದ್ದೆ. ಅಲ್ಲಿದ್ದ ಹುಡುಗಿ ಪರದೆಯ ಹಿಂದೆ ಕರೆದುಕೊಂಡು ಹೋಗಿ, ಮೇಲಿಂದಲೇ ನೋಡಿ ಕೈ ಮುಗಿದು ಕಳಿಸಿದಳು. ಇನ್ನೊಂದು, ನಮ್ಮತ್ತೆಯವರ ಒಣಕೊಬ್ಬರಿ. ಚಟ್ನಿಪುಡಿಗೆ ಇರಲಿ ಎಂದು ನಾಲ್ಕು ಗಿಟಕು ದೊಡ್ಡ ಬ್ಯಾಗಿನ ತಳದಲ್ಲಿ ಇಟ್ಟಿದ್ದರು. ಎಣ್ಣೆಯಂಶ ಹೆಚ್ಚಿರುವುದರಿಂದ ಬೆಂಕಿ ಹತ್ತೀತೆಂದು 2022ರಿಂದ ಚೆಕ್-ಇನ್ ಬ್ಯಾಗಿನಲ್ಲಿ ಅದನ್ನು ಬಿಡುವುದಿಲ್ಲ. ಬ್ಯಾಗ್ ಬಿಚ್ಚಿಸಿ ತೆಗೆಸಿದರು. ಅತ್ತೆಯವರು ಅಂಡಮಾನ್ ಮುಗಿಯುವವರೆಗೂ ಆ ಕೊಬ್ಬರಿಯನ್ನು ನೆನೆಸಿಕೊಂಡರು. ಹೋದ ಊರಿನಲ್ಲಿ ಎತ್ತ ನೋಡಿದರೂ ತೆಂಗಿನ ಮರವೇ ಎಂಬುದು ಬೇರೆ ಮಾತು.

ವಿಮಾನ ಎರಡೂವರೆ ಗಂಟೆ. ಮೊದಲ ದಿನ ಸಂಜೆ ಪೋರ್ಟ್ ಬ್ಲೇರ್‌ನ ದಂಡೆಗೆ ಅಜ್ಜಿಯನ್ನು ಕರೆದುಕೊಂಡು ಹೋದೆವು. ಬಯಲುಸೀಮೆಯ ಜೀವ, ಸಮುದ್ರವನ್ನು ಹತ್ತಿರದಿಂದ ನೋಡಿದ್ದೇ ಇಲ್ಲ. ಆಕೆ ಕಂಡ ದೊಡ್ಡ ನೀರೆಂದರೆ ಹಿರಿಯೂರಿನ ಮಾರಿಕಣಿವೆ ಅಣೆಕಟ್ಟು. 89 ವರ್ಷದ ಮೇಲೆ 2022ರಲ್ಲಿ ಅದು ಕೋಡಿ ಬಿದ್ದಾಗ ಹಟಮಾಡಿ ಗಾಡಿ ಮಾಡಿಸಿಕೊಂಡು ಹೋಗಿ ಬಾಗಿನ ಬಿಟ್ಟು ಬಂದವಳು. ಇಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತು ಕೇಳಿದಳು: "ಇದ್ಕೆ ಏರಿ ಎಲ್ಲೈತೆ?" ಏರಿ ಇಲ್ಲಜ್ಜಿ ಅಂದೆ. "ಮತ್ತೆ ನೀರು ನಿಂತೈತಲ್ಲ!"

ಇಷ್ಟು ಚೆನ್ನಾಗಿ ಶುರುವಾಗಿದ್ದು ಎರಡನೇ ದಿನ ಕೆಟ್ಟಿತು. ನಾವು ಹಿಡಿದಿದ್ದ ಏಜೆಂಟ್ ಹ್ಯಾವ್‌ಲಾಕಿನಲ್ಲಿ ಎಲ್ಲರಿಗೂ ಒಂದೇ ಕಡೆ ರೂಮು ಎಂದಿದ್ದ. ಹೋಗಿ ನೋಡಿದರೆ ಎರಡು ಹೋಟೆಲು, ನಡುವೆ ನಾಲ್ಕು ಕಿಲೋಮೀಟರು. ತವರಿನವರು ಒಂದು ಕಡೆ, ಗಂಡನ ಮನೆಯವರು ಇನ್ನೊಂದು ಕಡೆ ಬಿದ್ದರು. ಇದು ನನ್ನದೇ ಹುನ್ನಾರ ಎಂದು ಯಾರೋ ಅಂದರಂತೆ. ರೂಮುಗಳ ಹಂಚಿಕೆಯನ್ನು ಹೋಟೆಲಿನವರ ಜೊತೆ ನೀವೇ ಫೋನಿನಲ್ಲಿ ಮಾತಾಡಿ ಬರೆಸಿಕೊಳ್ಳಿ, ಮಧ್ಯದವರ ಮಾತು ನಂಬಬೇಡಿ.

ಅದೇ ಸಂಜೆ ರಾಧಾನಗರ ಬೀಚಿನ ಸೂರ್ಯಾಸ್ತ ನೋಡಬೇಕೆಂದು ಐದಕ್ಕೆ ಚಹಾ ಕುಡಿದು, ಐದೂಕಾಲಿಗೆ ಒಬ್ಬೊಬ್ಬರೇ ಜೀಪು ಹತ್ತಿ, ತಲುಪುವಷ್ಟರಲ್ಲಿ ಕತ್ತಲೆ. ಇದನ್ನು ನಮಗೆ ಯಾರೂ ಹೇಳಿರಲಿಲ್ಲ, ನಿಮಗೆ ಹೇಳುತ್ತಿದ್ದೇನೆ. ಗಡಿಯಾರ ನಮ್ಮದೇ ಆದರೂ ಆ ದ್ವೀಪಗಳಿರುವುದು ಬಹಳ ಪೂರ್ವಕ್ಕೆ. ದಾವಣಗೆರೆಗಿಂತ ಅಲ್ಲಿ ಸೂರ್ಯ ಒಂದು ಗಂಟೆಗೂ ಹೆಚ್ಚು ಮೊದಲೇ ಹುಟ್ಟಿ ಮೊದಲೇ ಮುಳುಗುತ್ತಾನೆ. ನಾವು ಹೋಗಿದ್ದು ಸಂಕ್ರಾಂತಿ ಕಳೆದ ವಾರ, ಐದೂವರೆಗೆಲ್ಲ ಮುಗಿದಿತ್ತು. ಬೆಳಗ್ಗೆ ಬೇಗ ಏಳುವವರಿಗೆ ಅದು ಸ್ವರ್ಗ, ಒಂಬತ್ತಕ್ಕೆ ತಿಂಡಿ ತಿನ್ನುವವರಿಗೆ ಅರ್ಧ ದಿನ ಖೋತಾ.

ಮೂರನೇ ದಿನದ ಜಗಳಕ್ಕೆ ಬೀಜ ಅಲ್ಲೇ ಬಿತ್ತು. ನಮ್ಮ ಭಾವನವರು ಹೈಸ್ಕೂಲಿನ ಪಿಟಿ ಮೇಷ್ಟ್ರು. ಇವತ್ತಿಂದ ಎಲ್ಲಾ ಟೈಮಿಗೆ ಸರಿಯಾಗಿ ಎಂದು ಬೆಳಗ್ಗೆ ಆರಕ್ಕೆ ಹೋಟೆಲಿನ ಅಂಗಳದಲ್ಲಿ ಸೀಟಿ ಊದಿದರು. ನಿಜವಾದ ಸೀಟಿ, ಊರಿಂದಲೇ ತಂದಿದ್ದರು. ಇಪ್ಪತ್ತೆರಡು ಜನ ಸ್ನಾನ ಮಾಡಿ, ಅಜ್ಜಿಯ ಲಿಂಗಪೂಜೆ ಮುಗಿದು, ಕೂಸಿಗೆ ಗಂಜಿ ಕುಡಿಸಿ, ಇನ್ನೊಂದು ಹೋಟೆಲಿನವರು ಬಂದು ಸೇರಿ, ಇಬ್ಬರು ಮರೆತ ಟೋಪಿ ತರಲು ಹಿಂದೆ ಹೋಗಿ ಹೊರಡುವಾಗ ಹತ್ತೂಕಾಲು. ಸ್ನೇಹಿತರೊಬ್ಬರು "ನಾವೇನ್ ನಿಮ್ ಸ್ಕೂಲ್ ಹುಡುಗ್ರಾ?" ಅಂದುಬಿಟ್ಟರು. ಮುಂದಿನದ್ದನ್ನು ಬರೆಯುವುದಿಲ್ಲ. ಆವತ್ತು ನಾಲ್ಕು ಜೀಪಿನಲ್ಲಿ ನಾಲ್ಕು ಮೌನ.

ರಾತ್ರಿ ಬಿಕ್ಕಟ್ಟು ಬಿಡಿಸಿದ್ದು ಲೆಕ್ಕ ಇಟ್ಟಿದ್ದ ಆಕೆ. ಪುಸ್ತಕದಲ್ಲಿ ಒಂದು ಹಾಳೆ ಹರಿದು, ನಾಳೆ ಯಾರಿಗೆ ಏನು ಬೇಕೋ ಬರೆಯಿರಿ ಎಂದು ಸುತ್ತ ಕಳಿಸಿದಳು. ಏಳು ಜನ ನೀರಿನೊಳಗಿನ ಹವಳ ನೋಡಲು ಎಲಿಫೆಂಟ್ ಬೀಚ್ ಎಂದು ಬರೆದರು, ಮೂವರು ಸ್ಕೂಬಾ (ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದಲ್ಲಿ ಮುಳುಗುವುದು), ನಾಲ್ವರು ಅಂಗಡಿ ಬೀದಿ. ಉಳಿದವರೆಲ್ಲ ಬರೆದಿದ್ದು ಒಂದೇ ಪದ: "ಸುಮ್ಮನೆ." ನನ್ನ ಗಂಡನೂ ಸೇರಿ! ಅಲ್ಲಿಂದ ಮುಂದೆ ಒಂದೇ ನಿಯಮ. ಹಗಲು ಅವರವರ ದಾರಿ, ರಾತ್ರಿ ಏಳಕ್ಕೆ ಊಟ ಮಾತ್ರ ಎಲ್ಲರೂ ಸೇರಿ. ನಂಬುತ್ತೀರೋ ಇಲ್ಲವೋ, ಹಗಲೆಲ್ಲ ಬೇರೆ ಬೇರೆ ಇದ್ದವರು ರಾತ್ರಿ ಹೇಳಿಕೊಳ್ಳಲು ಕತೆ ತರುತ್ತಿದ್ದರು. ಮೊದಲೆರಡು ದಿನ ಎಲ್ಲರೂ ನೋಡಿದ್ದು ಒಂದೇ, ಮಾತಾಡಲು ಏನಿತ್ತು? ನಿಮ್ಮ ಪ್ರಶ್ನೆಗೆ ನನ್ನ ನಿಜವಾದ ಉತ್ತರ ಇದೇ: ಒಟ್ಟಿಗೆ ಹೋಗಿ, ಒಟ್ಟಿಗೇ ತಿರುಗಬೇಡಿ. ದಿನದ ಪಟ್ಟಿಯನ್ನು ಊರಲ್ಲೇ ಕೂತು ಎಲ್ಲರಿಗೂ ಸೇರಿಸಿ ಬರೆಯಬೇಡಿ.

ಉಳಿದ ವಿವರಗಳನ್ನು ಚುಟುಕಾಗಿ ಹೇಳುತ್ತೇನೆ.

ಹ್ಯಾವ್‌ಲಾಕಿಗೆ ಹೋಗುವ ಖಾಸಗಿ ದೋಣಿಗಳು ವೇಗದವು, ಎಸಿ, ಆದರೆ ಮುಚ್ಚಿದ ಕೋಣೆ. ಅಲೆ ಎದ್ದರೆ ಹೊಟ್ಟೆ ತೊಳಸುತ್ತದೆ. ಅಜ್ಜಿ ಕಿಟಕಿಯಾಚೆ ನೋಡುತ್ತ ಎಲೆಅಡಿಕೆ ಹಾಕಿಕೊಂಡು ಕೂತಿದ್ದಳು. ಕವರು ಹಿಡಿದುಕೊಂಡು ಕೂತವರು ನಮ್ಮ ಪಿಟಿ ಮೇಷ್ಟ್ರು. ವಾಂತಿ ಮಾತ್ರೆಯನ್ನು ಹತ್ತುವ ಮೊದಲೇ ನುಂಗಬೇಕು, ಶುರುವಾದ ಮೇಲೆ ಪ್ರಯೋಜನವಿಲ್ಲ. ಬೇರೆ ಮಾತ್ರೆ ತಿನ್ನುವ ಹಿರಿಯರಿಗೆ ಡಾಕ್ಟರನ್ನು ಕೇಳಿಯೇ ಕೊಡಿ. ಹವಾಮಾನ ಕೆಟ್ಟರೆ ದೋಣಿ ರದ್ದಾಗುತ್ತದೆ, ಅದಕ್ಕೇ ವಾಪಸು ವಿಮಾನದ ಹಿಂದಿನ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಬೇಕು. ಸ್ಕೂಬಾ ಮಾಡುವವರು ಪ್ರವಾಸದ ನಡುವಿನಲ್ಲೇ ಮಾಡಿ ಮುಗಿಸಲಿ, ಆಮೇಲೆ ಒಂದು ದಿನವಾದರೂ ವಿಮಾನ ಹತ್ತಬಾರದು. ಉಬ್ಬಸ, ಹೃದಯದ ತೊಂದರೆ ಇದ್ದವರು ಸ್ಕೂಬಾಗೆ ಮೊದಲು ತುಂಬುವ ಫಾರ್ಮಿನಲ್ಲಿ ಅದನ್ನು ಮುಚ್ಚಿಡಬಾರದು.

ನೀಲ್‌ನ ನೈಸರ್ಗಿಕ ಕಲ್ಲಿನ ಸೇತುವೆಗೆ ನೀರು ಇಳಿದಾಗ ಮಾತ್ರ ಹೋಗಬಹುದು. ನಾವು ಭರತದ ಹೊತ್ತಿಗೆ ಹೋಗಿ ದೂರದಿಂದ ಕೈ ಬೀಸಿ ಬಂದೆವು. ಇಳಿತದ ವೇಳೆಯನ್ನು ಹಿಂದಿನ ರಾತ್ರಿಯೇ ಹೋಟೆಲಿನವರ ಹತ್ತಿರ ಕೇಳಿಟ್ಟುಕೊಳ್ಳಿ.

ಬಾರಾಟಾಂಗ್ ದ್ವೀಪದ ಗುಹೆಗಳಿಗೆ ನಮ್ಮಲ್ಲಿ ಒಂಬತ್ತು ಜನ ಮಾತ್ರ ಹೋದರು. ಬೆಳಗಿನ ಜಾವವೇ ಎದ್ದು, ಜಾರವಾ ಆದಿವಾಸಿಗಳ ಮೀಸಲು ಕಾಡಿನ ನಡುವೆ ಪೊಲೀಸ್ ಕಾವಲಿನ ಸಾಲಿನಲ್ಲಿ ಹೋಗಬೇಕು. ಗಾಡಿ ನಿಲ್ಲಿಸುವಂತಿಲ್ಲ, ಫೋಟೊ ತೆಗೆದರೆ ಅಪರಾಧ. "ಆದಿವಾಸಿಗಳು ಕಾಣ್ತಾರಾ?" ಎಂದು ಕೇಳುವವರು ನಿಮ್ಮ ಗುಂಪಿನಲ್ಲಿದ್ದರೆ ಅವರನ್ನು ಬಿಟ್ಟು ಹೋಗಿ. ಹವಳದ ಚೂರನ್ನು ಮಕ್ಕಳು ಜೇಬಿಗೆ ಹಾಕಿಕೊಳ್ಳದಂತೆಯೂ ನೋಡಿಕೊಳ್ಳಿ, ವನ್ಯಜೀವಿ ಕಾಯ್ದೆಯ ಪ್ರಕಾರ ತರುವಂತಿಲ್ಲ. ನಮ್ಮ ಹುಡುಗನದ್ದನ್ನು ವಿಮಾನ ನಿಲ್ದಾಣದಲ್ಲಿ ತೆಗೆಸಿದರು.

ಸಸ್ಯಾಹಾರದ ಚಿಂತೆ ಬೇಡ. ಅಲ್ಲಿ ತಮಿಳರು, ಬಂಗಾಳಿಗಳು, ತೆಲುಗರು ಎಲ್ಲರೂ ಇದ್ದಾರೆ, ಇಡ್ಲಿ ಸಾಂಬಾರಿಗೆ ಕೊರತೆಯಿಲ್ಲ. ಮೀನು-ಮಾಂಸಕ್ಕೂ ಅದೇ ಅಡುಗೆಮನೆ ಎಂದು ಮುಖ ಸಿಂಡರಿಸುವ ಹಿರಿಯರಿಗೆ ಮಾತ್ರ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಒಯ್ಯಿರಿ. ನಾವು ಒಯ್ದ ನೂರಿಪ್ಪತ್ತು ರೊಟ್ಟಿಯಲ್ಲಿ ಅರ್ಧ ತಿಂದಿದ್ದು ಮೀನು ತಿಂದು ಬೇಸತ್ತ ಸ್ನೇಹಿತರು.

ಎಲ್ಲರೂ ಸೇರಿ ನೋಡಲೇಬೇಕಾದ ಜಾಗ ಸೆಲ್ಯುಲರ್ ಜೈಲು. 1906ರಲ್ಲಿ ಕಟ್ಟಿ ಮುಗಿಸಿದ್ದು, 693 ಒಂಟಿ ಕೋಣೆಗಳು. ಏಳು ಸಾಲುಗಳಿದ್ದವು, ಈಗ ಉಳಿದಿರುವುದು ಮೂರು. ಒಂದು ಸಾಲಿನ ಬಾಗಿಲು ಇನ್ನೊಂದರ ಬೆನ್ನಿಗೆ ಬರುವಂತೆ ಕಟ್ಟಿದ್ದರಿಂದ ಕೈದಿಗೆ ಕೈದಿಯ ಮುಖ ಕಾಣುತ್ತಿರಲಿಲ್ಲ. ಸೀಟಿ ಮೇಷ್ಟ್ರೂ ಅಲ್ಲಿ ಮಾತಾಡಲಿಲ್ಲ. ಕೈದಿಗಳಿಂದ ಎಳೆಸುತ್ತಿದ್ದ ಎಣ್ಣೆಗಾಣದ ಮುಂದೆ ಅಜ್ಜಿ ಬಹಳ ಹೊತ್ತು ನಿಂತಳು. ಅವಳ ತವರಲ್ಲಿ ಗಾಣವಿತ್ತು, ಅದನ್ನು ಎಳೆಯುವ ಎತ್ತು ಎಷ್ಟು ದಿನ ಬಾಳುತ್ತಿತ್ತು ಎಂದು ಅವಳಿಗೆ ಗೊತ್ತು. ಹೊರಗೆ ಬಂದ ಮೇಲೆ ಮೆಟ್ಟಿಲ ಮೇಲೆ ಕೂತು ಅಂದಳು: "ಕರಿನೀರಿಗೆ ಕಳಿಸ್ತಾರೆ ಅಂದ್ರೆ ಹೆದ್ರಿ ಸಾಯೋರು ಆಗ. ನೀವು ದುಡ್ ಕೊಟ್ಟು ಕರ್ಕಂಡ್ ಬಂದಿದೀರ."

ನೀವು ಬೇಸಿಗೆ ರಜೆ ಎಂದಿದ್ದೀರಿ. ಹಾಗಾದರೆ ಏಪ್ರಿಲ್‌ನಲ್ಲೇ ಮುಗಿಸಿಕೊಳ್ಳಿ, ಪರೀಕ್ಷೆ ಮುಗಿದ ವಾರವೇ. ಮುಂಗಾರು ಕೇರಳಕ್ಕೆ ಬರುವ ಮೊದಲೇ ಅಂಡಮಾನ್‌ಗೆ ಬರುತ್ತದೆ, ಸಾಮಾನ್ಯವಾಗಿ ಮೇ ಮೂರನೇ ವಾರ. ಮದುವೆ ಸೀಸನ್ ಮುಗಿಸಿ ಮೇ ಕೊನೆಗೆ ಹೋಗೋಣ ಎಂದು ನಿಮ್ಮ ಮನೆಯಲ್ಲೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಒಪ್ಪಬೇಡಿ. ಗುಂಪಿನಲ್ಲಿ ಎಪ್ಪತ್ತು ದಾಟಿದವರು ಎಷ್ಟು ಜನ, ಮೊಣಕಾಲು ನೋವಿನವರು ಎಷ್ಟು ಜನ ಎಂದು ಬರೆದರೆ ಯಾವ ಜೆಟ್ಟಿಯಲ್ಲಿ, ಅಂದರೆ ದೋಣಿ ಹತ್ತುವ ಕಟ್ಟೆಯಲ್ಲಿ, ಎಷ್ಟು ನಡೆಯಬೇಕಾಗುತ್ತದೆ ಎಂದು ಹೇಳುತ್ತೇನೆ.