ಬಚ್ಚಲೊಲೆಯ ಮೇಲಿನ ಕಂಬಳಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು, ವಯಸ್ಸು 68. ಊಟ ಸೇರುತ್ತಿಲ್ಲ, ಕಾಲು ಊದಿದೆ ಎಂದು ಜೋರು ಮಳೆಯಲ್ಲೇ ಸೊಸೆ ಶಿವಮೊಗ್ಗಕ್ಕೆ ಕರೆತಂದಿದ್ದರು. ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಸ ಕ್ರಿಯಾಟಿನಿನ್, 1.3ರೊಳಗೆ ಇರಬೇಕಾದದ್ದು 6.4 ಇತ್ತು. ಸ್ಕ್ಯಾನಿಂಗ್‌ನಲ್ಲಿ ಎರಡೂ ಕಿಡ್ನಿ ಊದಿದ್ದವು. ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ದಪ್ಪಗಾಗಿ ಮೂತ್ರದ ದಾರಿ ಒತ್ತಿತ್ತು. ಮೂತ್ರ ಇಳಿಸುವ ಪೈಪ್ (ಕ್ಯಾಥೆಟರ್) ಹಾಕಿದಾಗ ಬಂದದ್ದು ಹತ್ತಿರ ಹತ್ತಿರ ಎರಡು ಲೀಟರ್. ಅರ್ಧ ಲೀಟರಿಗೇ ನಮಗೆಲ್ಲ ತಡೆಯಲಾಗುವುದಿಲ್ಲ.

ಪೈಪ್ ಕಿತ್ತು ಮನೆಗೆ ಹೋಗ್ತೇನೆಂದು ಹಠ ಹಿಡಿದಾಗ, ರೋಗಿಗಳಿಗೆ ತಿಳಿಹೇಳುವ ನನ್ನನ್ನು ಕರೆದರು. "ನಂಗೆ ಮೂತ್ರ ಕಟ್ಟಿರಲೇ ಇಲ್ಲ ಮಾರಾಯ್ರೆ. ರಾತ್ರಿ ಐದಾರು ಸಲ ಏಳ್ತಿದ್ದೆ. ನೋವಿಲ್ಲ, ಎಂಥದೂ ಇಲ್ಲ."

ಮೋಸ ಹೋಗುವುದು ಇಲ್ಲೇ. ದಿಢೀರನೆ ಕಟ್ಟಿದರೆ ನೋವು ಸುಮ್ಮನಿರಗೊಡುವುದಿಲ್ಲ. ವರ್ಷಗಟ್ಟಲೆ ನಿಧಾನಕ್ಕೆ ಕಟ್ಟಿದ್ದು ಸಾಮಾನ್ಯವಾಗಿ ನೋಯುವುದಿಲ್ಲ. ತುಂಬಿ ಚೆಲ್ಲಿದಷ್ಟು ಹೊರಗೆ ಬರುತ್ತಿರುತ್ತದೆ.

ಹಾಸಿಗೆ ಒದ್ದೆಯಾಗ್ತಿತ್ತಾ ಎಂದೆ. ಕಿಟಕಿ ಕಡೆ ತಿರುಗಿದರು. ಸೊಸೆ ಹೊರಗೆ ಹೋದ ಮೇಲೆ ಬಾಯಿಬಿಟ್ಟರು: ಎರಡು ಮಳೆಗಾಲದಿಂದ, ಯಾರೂ ಏಳುವ ಮೊದಲೇ ಕಂಬಳಿ ಹಿಂಡಿ ಬಚ್ಚಲೊಲೆಯ ಮೇಲೆ ಹರವುತ್ತಿದ್ದರಂತೆ. ಸಂಜೆ ಮೇಲೆ ನೀರು ಕುಡಿಯುವುದನ್ನೂ ಬಿಟ್ಟಿದ್ದರು. ಸೊಸೆಗೆ ಎಲ್ಲ ಗೊತ್ತಿತ್ತು ಎನ್ನುವುದು ಬೇರೆ ಮಾತು. ಮಾವನಿಗೆ ಮುಜುಗರವೆಂದು ಆಕೆಯೂ ಬಾಯಿಬಿಟ್ಟಿರಲಿಲ್ಲ.

ತೋಟದ ಬಸಿಗಾಲುವೆ ಕಟ್ಟಿದರೆ ಏನಾಗುತ್ತದೆ ಎಂದು ಕೇಳಿದೆ. "ನೀರು ನಿಂತು ಬೇರು ಕೊಳೀತದೆ..." ಮಾತು ಅಲ್ಲಿಗೇ ನಿಂತಿತು. ಆಮೇಲೆ ಪೈಪಿಗೆ ಕೈಹಾಕಲಿಲ್ಲ.

ಹೇಳಿದ್ದಿಷ್ಟು. ಪೈಪಿನ ತುದಿಯ, ಮೂತ್ರ ತುಂಬುವ ಚೀಲ ಯಾವಾಗಲೂ ಸೊಂಟದಿಂದ ಕೆಳಗಿರಲಿ. ಪಂಚೆಯೊಳಗೆ ಕಾಲಿಗೆ ಕಟ್ಟುವ ಸಣ್ಣ ಚೀಲ ಸಿಗುತ್ತದೆ, ಮದುವೆಮನೆಗೂ ಹೋಗಿ ಬರಬಹುದು. ಮೂತ್ರ ಇಳಿಯುವುದು ನಿಂತರೆ, ಚಳಿಜ್ವರ ಬಂದರೆ ಅವತ್ತೇ ಬನ್ನಿ. ಮಂಡಿನೋವಿನ ಮಾತ್ರೆ ನೀವಾಗೇ ತಗೊಂಡರೆ ಕಿಡ್ನಿಗೆ ಏಟು. ನೆಗಡಿ ಮಾತ್ರೆಗಳಲ್ಲಿ ಕೆಲವು ಮೂತ್ರ ಕಟ್ಟಿಸುತ್ತವೆ. ಬಾಳೆದಿಂಡಿನ ರಸ ಕುಡಿಯಬಹುದಾ ಎಂದರು. ಕಿಡ್ನಿ ಸೋತಿರುವಾಗ ಅದರ ಪೊಟ್ಯಾಸಿಯಂ ಅಪಾಯ, ಡಾಕ್ಟರನ್ನು ಕೇಳದೆ ಬೇಡ ಎಂದೆ.

ಮಗನನ್ನು ಪ್ರತ್ಯೇಕ ಕೂರಿಸಿಕೊಂಡೆ. ಚೀಲ ಖಾಲಿ ಮಾಡುವುದನ್ನು ಹೆಂಡತಿ ಕಲಿಯುವ ಮೊದಲು ನೀವು ಕಲಿಯಿರಿ ಎಂದಾಗ ಕತ್ತು ಕೆಳಗೆ ಹಾಕಿದರು. ಮರುದಿನ ನರ್ಸ್ ಹತ್ತಿರ ಕಲಿತರು.

ಆರು ವಾರಕ್ಕೆ ಕ್ರಿಯಾಟಿನಿನ್ 2.1ಕ್ಕೆ ಇಳಿಯಿತು. ಡಯಾಲಿಸಿಸ್ ತಪ್ಪಿತು, ಹಾಳಾದದ್ದಷ್ಟೂ ವಾಪಸ್ ಬರುವುದಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಪ್ರಾಸ್ಟೇಟ್ ಆಪರೇಷನ್ ಮಾತು ಬಂದಾಗ, ಅಡಿಕೆ ಕೊನೆ ತೆಗೆದು ಮುಗೀಲಿ ಎಂದರು.

"ಕೊನೆ ನಾವು ತೆಗೆಸ್ತೇವೆ ಮಾವ," ಎಂದು ಸೊಸೆ ಡಾಕ್ಟರ ಹತ್ತಿರ ದಿನ ಕೇಳಿದರು.