ಬೋರ್ ನೀರಿನಲ್ಲಿ ನೊರೆ ನಿಲ್ಲದಿದ್ದರೆ

ಗಡ್ಡ ಬೋಳಿಸುವಾಗ ಶೇವಿಂಗ್ ಕ್ರೀಮಿನ ನೊರೆ ನಿಲ್ಲುವುದಿಲ್ಲ, ಅಜ್ಜನ ರೇಜರಿನಿಂದ ಕುತ್ತಿಗೆ ಉರಿಯುತ್ತದೆ ಎಂದು ಅಕ್ಕಲಕೋಟೆಯಿಂದ ಕೇಳಿದ್ದೀರಿ. ಅಗ್ಗದ ಟ್ಯೂಬ್ ಕ್ರೀಮಿನ ನೊರೆ ಅರ್ಧ ಗಡ್ಡಕ್ಕೇ ಒಣಗುವುದಕ್ಕೆ ಕಾರಣ ಬಹುಶಃ ಕ್ರೀಮಲ್ಲ, ನಿಮ್ಮೂರಿನ ಬೋರ್ ನೀರು. ಗಡಸು ನೀರಿನ ಕ್ಯಾಲ್ಸಿಯಂ ಕ್ರೀಮಿನಲ್ಲಿರುವ ಸೋಪಿನೊಂದಿಗೆ ಸೇರಿ ಜಿಗುಟು ಕೊಳೆಯಾಗುತ್ತದೆ, ನೊರೆ ಸಾಯುತ್ತದೆ. ನಾಳೆ ಒಂದು ಲೋಟ ಆರ್‌ಓ ನೀರಿನಲ್ಲಿ ಮಾಡಿ ನೋಡಿ. ನೊರೆ ನಿಂತರೆ ಕಾರಣ ಖಚಿತ, ನಿಲ್ಲದಿದ್ದರೆ ಬ್ರಷ್ಷಿನಲ್ಲಿ ನೀರಿನ ಪ್ರಮಾಣ ಸರಿಯಿಲ್ಲದಿರಬಹುದು.

ಬ್ರಷ್ ನೆನೆಸಿ, ಚೆನ್ನಾಗಿ ಕೊಡವಿ. 2 ಸೆಂಟಿಮೀಟರ್ ಕ್ರೀಮು ಹಾಕಿ ಮುಖದ ಮೇಲೆಯೇ ಒಂದು ನಿಮಿಷ ವೃತ್ತಾಕಾರವಾಗಿ ತಿರುಗಿಸಿ. ಬ್ರಷ್ಷಿನ ತುದಿಯನ್ನಷ್ಟೇ ನೀರಿಗೆ ತಾಗಿಸಿ ಮತ್ತೆ ತಿರುಗಿಸಿ, ಹೀಗೆ ಎರಡು ಮೂರು ಸಲ. ಗಟ್ಟಿ ಮೊಸರಿನಂತೆ ಹೊಳಪು ಬರಬೇಕು. ದೊಡ್ಡ ಗುಳ್ಳೆ ಕಂಡರೆ ನೀರು ಜಾಸ್ತಿಯಾಗಿದೆ, ಸ್ವಲ್ಪ ಕ್ರೀಮು ಸೇರಿಸಿ.

ಕುತ್ತಿಗೆಯ ಉರಿಗೆ ನಿಮ್ಮ ಅಜ್ಜನ ಗಿಲೆಟ್ ಟೆಕ್ ರೇಜರನ್ನೂ (ಮೂರು ಭಾಗಗಳ ಹಳೇ ಲೋಹದ ರೇಜರ್) ಪರೀಕ್ಷಿಸಿ. ಮೂರೂ ಭಾಗ ಬಿಚ್ಚಿ, ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ದ್ರವ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ವಿನೆಗರ್‌ನಲ್ಲಿ ನೆನೆಹಾಕಬೇಡಿ, ಲೇಪನ ಹಾಳಾಗುತ್ತದೆ. ಅಷ್ಟು ಒಳ್ಳೆಯ ರೇಜರ್ ಕೆಡಬಾರದು. ಹೊಸ ಬ್ಲೇಡ್ ಹಾಕಿ, ರೇಜರಿನ ತಲೆಯನ್ನು ಬ್ಲೇಡಿನ ಕಿರುತುದಿಗಳಲ್ಲಿ ಒತ್ತಿ ಹಿಡಿದು ಹಿಡಿಕೆ ತಿರುಗಿಸಿ. ಎರಡೂ ಬದಿಯ ಅಲಗು ಸಮವಾಗಿ ಕಾಣಬೇಕು. ಓರೆಯಾದರೆ ಒಂದು ಬದಿ ಕಚ್ಚುತ್ತದೆ.

ಬ್ಲೇಡು ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಲ್ಲಿರುವಂತೆ ಹಿಡಿದು, ರೇಜರಿನ ತೂಕದಿಂದಲೇ ಕೂದಲು ಬೆಳೆದ ದಿಕ್ಕಿಗೆ ಎಳೆಯಿರಿ. ಕುತ್ತಿಗೆಯಲ್ಲಿ ದಿಕ್ಕು ಬದಲಾಗುತ್ತದೆ, ಮೊದಲು ಬೆರಳಾಡಿಸಿ ತಿಳಿದುಕೊಳ್ಳಿ. ಉರಿ ಹೋಗುವವರೆಗೆ ಅಲ್ಲಿ ಒಂದೇ ಸುತ್ತು.