ಮೊದಲು ಕಿಲೋಗೆ ಎಷ್ಟು ಕೂಲಿ ಅಂತ ಕೇಳಿ

ನಿಮ್ಮ ಪ್ರಶ್ನೆ ಇದು: "ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದೇನೆ. ಮೊದಲು ಜನರ ಅಗತ್ಯ ನೋಡು, ಆಮೇಲೆ ಮಷಿನ್ ಮಾಡು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅವರ ಅಗತ್ಯ ಏನು ಅಂತ ಗೊತ್ತಾಗುವುದು ಹೇಗೆ?"

ನಾನು ಎಡವಿದ ಕಥೆ ಹೇಳುತ್ತೇನೆ, ಉಪಯೋಗ ಆದೀತು.

ನಾವು ನಾಲ್ಕು ಜನ ಮೆಕ್ಯಾನಿಕಲ್ ಹುಡುಗರು. ಮೆಣಸಿನಕಾಯಿ ತೊಟ್ಟು ಬಿಡಿಸುವ ಮಷಿನ್ ಮಾಡಿದ್ದೆವು. ಬ್ಯಾಡಗಿಯಲ್ಲಿ ಹೆಣ್ಣುಮಕ್ಕಳು ದಿನವಿಡೀ ಕೂತು ಒಂದೊಂದೇ ಕಾಯಿಯ ತೊಟ್ಟು ಮುರಿಯುತ್ತಾರೆ. ಎಷ್ಟು ಕಷ್ಟ ಅಲ್ವಾ, ಅದನ್ನು ತಪ್ಪಿಸೋಣ ಅಂದುಕೊಂಡೆವು. ಎರಡು ರೋಲರ್, ಒಂದು ಬ್ಲೇಡು, ಮೋಟರು. ಕಾಲೇಜಿನಲ್ಲಿ ಬಹುಮಾನವೂ ಬಂತು.

ಟೆಂಪೋದಲ್ಲಿ ಹಾಕಿಕೊಂಡು ಬ್ಯಾಡಗಿಯ ಒಂದು ಶೆಡ್ಡಿಗೆ ಒಯ್ದೆವು. ಮೊದಲ ಪೆಟ್ಟಿಗೇ ಕಾಯಿ ಮುರಿದು ಬೀಜ ಚೆಲ್ಲಿತು. ಬ್ಯಾಡಗಿ ಕಾಯಿ ಸುಕ್ಕು ಸುಕ್ಕು, ಒಂದೊಂದರ ಡೊಂಕು ಒಂದೊಂದು ಥರ. ಮುರಿದ ಕಾಯಿಗೆ ರೇಟು ಇಲ್ಲ. ಇದಾದರೂ ರಿಪೇರಿ ಮಾಡಬಹುದಾದ ತಪ್ಪು. ನಾಚಿಕೆ ಆಗಿದ್ದು ಬೇರೆಯದಕ್ಕೆ. ಅವರೆಲ್ಲ ನೆಲದ ಮೇಲೆ ಕೂತಿದ್ದರು, ನಮ್ಮ ಮಷಿನ್‌ನ ಬಾಯಿ ಇದ್ದಿದ್ದು ನಮ್ಮ ಎದೆಮಟ್ಟಕ್ಕೆ. ಅಳತೆ ತೆಗೆದುಕೊಂಡಿದ್ದು ನಮ್ಮದೇ! ಅವರಲ್ಲೊಬ್ಬ ಹಿರಿಯಾಕೆ ಸ್ವಲ್ಪ ಹೊತ್ತು ನೋಡಿ ಕೇಳಿದರು: "ತಮ್ಮಾ, ಇದು ನಮ್ಮ ಕೆಲಸ ಹಗುರ ಮಾಡೂದೋ, ನಮ್ಮನ್ನ ಮನಿಗೆ ಕಳಸೂದೋ?"

ನಾಲ್ಕೂ ಜನ ಸುಮ್ನೆ ನಿಂತೆವು. ಅವರಿಗೆ ಕೂಲಿ ಕಿಲೋ ಲೆಕ್ಕದಲ್ಲಿ. ಅದನ್ನು ನಾವು ಕೇಳಿಯೇ ಇರಲಿಲ್ಲ. ನಮ್ಮ ಮಷಿನ್ ಬೇಕಾಗಿದ್ದುದು ಶೆಡ್ಡಿನ ಮಾಲೀಕರಿಗೆ. ಅದೂ ಒಂದು ಅಗತ್ಯವೇ, ತಪ್ಪೇನಿಲ್ಲ. ಆದರೆ ನಮ್ಮ ರಿಪೋರ್ಟಿನ ಮೊದಲ ಪುಟದಲ್ಲಿ ಫೋಟೋ ಇದ್ದಿದ್ದು ಆ ಹೆಣ್ಣುಮಕ್ಕಳದ್ದು.

ಮರುದಿನ ಮಷಿನ್ ಬಿಟ್ಟು ನಾವಷ್ಟೇ ಹೋದೆವು, ಅವರ ಜೊತೆ ಕೂತು ತೊಟ್ಟು ಬಿಡಿಸಿದೆವು. ಅರ್ಧ ತಾಸಿಗೆ ಕೈ ಉರಿ, ಕೆಮ್ಮು. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ ಅಂತಾರೆ. ದಿನವಿಡೀ ಮುಟ್ಟುವವರಿಗೆ ಆ ಮಾತು ಹೇಳಬೇಡಿ! ಖಾರದ ಅಂಶ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ನಾವು ಪುಸ್ತಕದಲ್ಲಿ ಓದಿದ್ದು ಅವರಿಗೆ ಮೊದಲೇ ಗೊತ್ತಿತ್ತು, ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡೇ ಕೂರುತ್ತಿದ್ದರು. ಹಾಗಾದರೆ ಗ್ಲೌಸ್ ಕೊಡಿಸಿದರಾಯಿತು ಅಂದೆವು. ನಕ್ಕರು. ತೊಟ್ಟು ಮುರಿಯುವುದು ಉಗುರಿನಿಂದ. ಗ್ಲೌಸ್ ಹಾಕಿದರೆ ಕೈ ನಿಧಾನ, ಕಿಲೋ ಕಡಿಮೆ, ಕೂಲಿ ಕಡಿಮೆ. ಒಬ್ಬಾಕೆ ಮಾತ್ರ ಮೆಲ್ಲಗೆ ಅಂದರು: "ಉರಿ ತಡಕೋತೀವ್ರಿ. ರಾತ್ರಿ ಕೂಸಿನ ಮುಖ ಮುಟ್ಟಾಕ ಆಗಂಗಿಲ್ಲ, ಅದಽ ಸಂಕಟ."

ಕೊನೆಗೆ ಮಾಡಿದ್ದು ಇಷ್ಟೇ. ನೆಲದಿಂದ ಗೇಣೆತ್ತರದ, ತಂತಿ ಜಾಳಿಗೆಯ ತಟ್ಟೆ. ಧೂಳು, ಬೀಜ ಕೆಳಗೆ ಇಳಿಯುತ್ತವೆ, ಮುಖಕ್ಕೆ ಏಳುವುದಿಲ್ಲ. ಅವರು ಕೂರುವ ಕಡೆಯ ಗೋಡೆಗೆ ಒಂದು ಎಕ್ಸಾಸ್ಟ್ ಫ್ಯಾನು. ಬಾಗಿಲ ಹತ್ತಿರ ಎಣ್ಣೆ, ಸಾಬೂನು, ನಲ್ಲಿ. ಘಾಟು ಪೂರ್ತಿ ಹೋಗಲಿಲ್ಲ, ಕೆಮ್ಮು ಮಾತ್ರ ಕಡಿಮೆ ಆಯಿತು. "ಇದರಲ್ಲಿ ಎಂಜಿನಿಯರಿಂಗ್ ಎಲ್ಲಿದೆ?" ಅಂತ ಗೈಡ್ ಕೇಳಿದರು. ಮಾರ್ಕ್ಸ್ ಬಂದಿದ್ದು ಹಳೇ ಮಷಿನ್‌ಗೇ.

ನಮ್ಮ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರನ್ನೇ ನೋಡಿ. ರೈತರು, 2022ರಲ್ಲಿ ಪದ್ಮಶ್ರೀ ಬಂತು. ಹುಡುಗರಾಗಿದ್ದಾಗ ಬೆಳಿಗ್ಗೆ ಎಚ್ಚರ ಆಗುತ್ತಿರಲಿಲ್ಲವಂತೆ. ಅಲಾರಂ ಗಡಿಯಾರದ ಕೀಲಿಗೆ ದಾರ ಕಟ್ಟಿ, ಅದು ತಿರುಗಿದರೆ ಬಾಟ್ಲಿ ನೀರು ಮುಖದ ಮೇಲೆ ಬೀಳುವ ಹಾಗೆ ಮಾಡಿದರು. ಆಮೇಲೆ ಹುಣಸೆ ಬೆಳೆದರು, ಬೀಜ ತೆಗೆಯುವುದು ತಲೆನೋವಾಯಿತು, ಅದಕ್ಕೊಂದು ಯಂತ್ರ. ಕಷ್ಟ ಅವರದೇ ಆದ್ದರಿಂದ ಯಾರನ್ನೂ ಕೇಳಬೇಕಿರಲಿಲ್ಲ. ನಮಗೆ ಆ ಅನುಕೂಲ ಇಲ್ಲ, ಬೇರೆಯವರ ನೆಲದ ಮೇಲೆ ಕೂತೇ ತಿಳಿಯಬೇಕು. ಜೈಪುರ ಕಾಲು ಹುಟ್ಟಿದ್ದೂ ಹೀಗೇ. ಆಗ ಸಿಗುತ್ತಿದ್ದ ಕೃತಕ ಕಾಲಿಗೆ ಬೂಟು ಬೇಕಿತ್ತು, ಕುಕ್ಕರಗಾಲಿನಲ್ಲಿ ಕೂರಲು ಆಗುತ್ತಿರಲಿಲ್ಲ. ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾಕ್ಟರ್ ಪಿ.ಕೆ. ಸೇಠಿ ಸೇರಿ, ಬರಿಗಾಲಲ್ಲಿ ಗದ್ದೆಗೆ ಇಳಿಯುವವರಿಗೂ ಆಗುವಂಥ ರಬ್ಬರಿನ ಪಾದ ಮಾಡಿದರು.

ನೀವು ಯಾವ ಕೆಲಸ ಹಿಡಿದರೂ ಡ್ರಾಯಿಂಗ್ ಶುರು ಮಾಡುವ ಮೊದಲು ಎರಡು ದಿನ ಆ ಕೆಲಸ ಮಾಡಿ ನೋಡಿ. "ನಿಮ್ಮ ಸಮಸ್ಯೆ ಏನು?" ಅಂತ ಕೇಳಬೇಡಿ, ಏನೂ ಇಲ್ಲ ಅಂತಾರೆ. ಕೂಲಿ ಯಾವ ಲೆಕ್ಕದಲ್ಲಿ, ರಾತ್ರಿ ಎಲ್ಲಿ ನೋವು, ಇದೇ ಕೆಲಸಕ್ಕೆ ಮಗಳನ್ನು ಕಳಿಸುತ್ತೀರಾ ಅಂತ ಕೇಳಿ. ಅವರು ತಾವೇ ಹೂಡಿಕೊಂಡ ಉಪಾಯಗಳನ್ನೂ ನೋಡಿ. ಆ ಕೊಬ್ಬರಿ ಎಣ್ಣೆ ಬಾಟ್ಲಿ ನಮ್ಮ ಇಡೀ ಸರ್ವೆಗಿಂತ ಜಾಸ್ತಿ ಹೇಳಿತ್ತು.

ಬ್ಯಾಡಗಿಗೇ ಹೋಗುವುದಾದರೆ ಫೆಬ್ರವರಿ, ಮಾರ್ಚ್‌ನಲ್ಲಿ ಹೋಗಿ, ಆಗ ಆವಕ ಜೋರಿರುತ್ತದೆ. ಮತ್ತೆ, ಏನೇ ಆದರೂ ಕಣ್ಣು ಉಜ್ಜಿಕೊಳ್ಳಬೇಡಿ.